ಅರ್ಧ ಟಾರು, ಅರ್ಧ ಕೆಸರು

ದೇವರಾಜು ಬೈಕು ನಿಲ್ಲಿಸಿದವನು ಅಂಗಡಿ ಮಾಲೀಕ ಬೈರಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದ ಪುನೀತನನ್ನೇ ಕೂಗಿದ. ಕನಕಪುರದಲ್ಲಿ ಟೈರಿನಂಗಡಿಗಳು ಬೇಕಾದಷ್ಟಿವೆ. ಆದರೆ ಟಾರಿನ ಮೇಲೂ ಓಡಬೇಕು, ಕಾಡುದಾರಿಗೂ ಇಳಿಯಬೇಕು ಅನ್ನುವ ಬೈಕಿಗೆ ಟೈರು ಆರಿಸುವ ವಿಷಯ ಬಂದರೆ ಪುನೀತ ಹೇಳಿದ್ದೇ ಕೊನೆ. ಭಾನುವಾರ ಬೆಂಗಳೂರಿನಿಂದ ಬರುವ ಬೈಕಿನವರು ಅವನ ನಂಬರನ್ನು ಒಬ್ಬರಿಗೊಬ್ಬರು ಹಂಚಿಕೊಂಡಿದ್ದರು.

"ಏನ್ಲಾ ಪುನೀತ, ನಮ್ ಗಾಡಿಗೆ ಎಂಥ ಟೈರಾಕ್ತೀಯ?"

"ಎಲ್ ಓಡುಸ್ತೀರಿ ಅನ್ನೋದ್ರ ಮ್ಯಾಲೆ ಕಣಣ್ಣ. ಟಾರೆಷ್ಟು, ಮಣ್ಣೆಷ್ಟು?"

"ಇಲ್ಲಿಂದ ನಮ್ಮೂರ್ಗಂಟ ಟಾರು. ಆಮ್ಯಾಕೆ ನಿಮ್ ಕಾಲನಿಗಂಟ."

ಪುನೀತನಿಗೆ ನಗು ಬಂತು. ಆ ದಾರಿ ಅವನ ಅಂಗೈ. ಕಬ್ಬಾಳಿನ ಕಡೆಗೆ ಹೋಗುವ ಟಾರು ರಸ್ತೆಯಿಂದ ಕವಲೊಡೆದು ಊರೊಳಗೆ ನುಗ್ಗುವ ಟಾರು, ದೇವರಾಜುವಿನ ಮನೆಯ ಕಾಂಪೌಂಡು ಮುಗಿಯುವ ಕಡೆ, ಕತ್ತಿಯಲ್ಲಿ ಕೊಯ್ದ ಹಾಗೆ ಮುಗಿಯುತ್ತಿತ್ತು. ಅಲ್ಲಿಂದ ಕಾಲನಿಗೆ ಒಂದೂಕಾಲು ಕಿಲೋಮೀಟರು. ಮಳೆಗಾಲದಲ್ಲಿ ಕೆರೆ ಕೋಡಿಯ ನೀರು ಅಡ್ಡ ಹರಿದು, ಜೇಡಿಮಣ್ಣು ಮೊಣಕಾಲುದ್ದ ಕಲೆಸಿಟ್ಟ ಮುದ್ದೆಯಾಗುತ್ತಿತ್ತು. ಆ ಮುದ್ದೆಯಲ್ಲಿ ಹತ್ತು ವರ್ಷ ಬಿದ್ದು ಎದ್ದು ಪುನೀತ ಟೈರಿನ ವಿದ್ಯೆ ಕಲಿತಿದ್ದ. ಯಾವ ಶೋರೂಮಿನವರೂ ಹೇಳಿಕೊಡದ ವಿದ್ಯೆ.

ದೇವರಾಜು ಸ್ಟೂಲು ಎಳೆದು ಅವನನ್ನು ಎದುರಿಗೆ ಕೂರಿಸಿಕೊಂಡ. ಎರಡು ಟೀ ತರಿಸಿದ. ಎರಡೂ ಒಂದೇ ಥರದ ಗಾಜಿನ ಲೋಟದಲ್ಲಿ. ಊರಿನಲ್ಲಾಗಿದ್ದರೆ ಅವನ ಮನೆಯ ಜಗಲಿಗೂ ಪುನೀತನಿಗೂ ಹತ್ತು ಮಾರು ದೂರ. ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಅದೊಂದಕ್ಕೇ ಪುನೀತನ ಎದೆ ಉಬ್ಬಿತು ಅಂದರೆ ಸುಳ್ಳಲ್ಲ.

"ಪೂರ್ತಿ ಉಬ್ಬುಬ್ಬು ಬಟನ್ ಟೈರು ಬ್ಯಾಡಿ ಅಣ್ಣ," ಎಂದು ಶುರುಮಾಡಿದ. "ಟಾರ್ ಮ್ಯಾಲೆ ಗುಂಯ್ ಅಂತದೆ, ಬಟನ್ ಬೇಗ್ನೆ ಸವ್ದೋಯ್ತವೆ, ಮಳೇಲಿ ಬ್ರೇಕ್ ಹಿಡುದ್ರೆ ಜಾರುಸ್ಬುಡ್ತದೆ. ಟಾರ್ ಟೈರೇ ಇಟ್ಕಂಡ್ರೆ ನಮ್ ಕೋಡಿತಾವ ಜೇಡಿ ಮೆತ್ಕಂಡು ಚಕ್ರ ಸುಮ್ನೆ ತಿರುಗ್ತದೆ ಅಷ್ಟೇಯ. ಅರ್ಧಕ್ಕರ್ಧದ್ದು ಹಾಕುಸ್ಕಳಿ. ಬಟನ್ ನಡುವೆ ಅಗಲ ಜಾಗ ಇರ್ಬೇಕು, ಕೆಸರು ತಾನಾಗೇ ಉದುರ್ಬೇಕು. ಹಿಂದ್ಲುದ್ರಲ್ಲಿ ಮಧ್ಯದ ಬಟನ್‌ಗಳು ಒಂದಕ್ಕೊಂದು ಹತ್ರ ಇರ್ಬೇಕು, ಆಗ ಟಾರ್ ಮ್ಯಾಲೂ ನಡುಗಲ್ಲ."

"ನಿಮ್ ಕೋಡಿ ದಾಟ್ತದೇನ್ಲಾ?"

"ದಾಟ್ದೆ? ಇಳಿಯಕ್ ಮುಂಚೆ ಗಾಳಿ ಒಸಿ ಇಳ್ಸಿ. ಮೀಟರ್ನಲ್ಲಿ ಹದ್ನೆಂಟಕ್ ತನ್ನಿ. ಹಿಂದ್ಗಡೆ ಯಾರ್ನಾದ್ರೂ ಕೂರುಸ್ಕಂಡ್ರೂ ದಾಟ್ತದೆ."

"ಹಿಂದ್ಗಡೆ ಕೂರುಸ್ಕಂಡ್ರೂನಾ?" ದೇವರಾಜು ಎರಡು ಸಲ ಕೇಳಿದ.

ಪುನೀತ ಬೇರೆ ಯಾರ ಕೈಗೂ ಕೊಡದೆ ತಾನೇ ಟೈರು ಹಾಕಿದ. ಸೋಪಿನ ನೀರು ಸವರಿ, ಚಕ್ರ ತಿರುಗುವ ದಿಕ್ಕಿನ ಬಾಣದ ಗುರುತು ನೋಡಿ, ಟೈರಿನ ಮೇಲಿನ ಹಳದಿ ಚುಕ್ಕೆಯನ್ನು ಗಾಳಿ ತುಂಬುವ ವಾಲ್ವಿನ ನೇರಕ್ಕೆ ತಂದು ಕೂರಿಸಿದ. ದೇವರಾಜು ಹೊರಟ ಮೇಲೆ ಬೈರಪ್ಪ, "ಏನಪ್ಪಾ, ಗೌಡ್ರು ನಿನ್ ಶಿಷ್ಯ ಆಗ್ಬುಟ್ರು?" ಅಂತ ಚುಡಾಯಿಸಿದ. ಪುನೀತ ಅದನ್ನು ನಿಜವೆಂದೇ ಬಗೆದು ಮನೆಗೆ ಹೋದ.

ಮನೆಯಲ್ಲಿ ಅವ್ವ ದೊಡ್ಡಲಕ್ಷ್ಮಮ್ಮ ಕಾಲು ಚಾಚಿಕೊಂಡು ಕೂತಿದ್ದಳು. ಸಕ್ಕರೆ ಕಾಯಿಲೆ ಅವಳ ಎಡಪಾದವನ್ನು ಹೆಬ್ಬೆರಳಿನಿಂದ ತಿನ್ನುತ್ತ ಬಂದಿತ್ತು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ಗಾಯ ತೊಳೆಸಿ ಕಟ್ಟಿಸಬೇಕು. ಕೆಸರು ತಾಗುವಂತಿಲ್ಲ. ಎರಡು ಸಲ ತಪ್ಪಿದರೆ ಪಾದ ಹೋಯಿತು ಅಂತಲೇ ತಿಳಿಯಿರಿ ಎಂದು ಡಾಕ್ಟರು ಹೇಳಿದ್ದರು. ಆಟೋದವರು ಟಾರು ಬಿಟ್ಟು ಇಳಿಯುತ್ತಿರಲಿಲ್ಲ. ಬೈಕಿನ ಹಿಂದೆ ಕೂತು ಆ ಪಾದವನ್ನು ಊರಿಕೊಳ್ಳಲು ಅವಳಿಂದಾಗುತ್ತಿರಲಿಲ್ಲ. ಹಾಗಾಗಿ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಟಾರು ಮುಟ್ಟಿಸುತ್ತಿದ್ದರು: ಪುನೀತ, ಕಾಲನಿಯವನೇ ಆದ ಮುನಿಶಾಮಯ್ಯ, ಅವನ ಇಬ್ಬರು ತಮ್ಮಂದಿರು. ಹೊತ್ತ ದಿನ ಅವರಿಗೆ ಕೂಲಿಯಿಲ್ಲ. ಹೋದ ವಾರ ಒಂದು ಸಲ ಆಗಲೇ ತಪ್ಪಿಹೋಗಿತ್ತು.

ಅಪ್ಪ ಕೆಂಚಯ್ಯ ಹನ್ನೊಂದು ವರ್ಷ ಅರ್ಜಿ ಬರೆದಿದ್ದ. ಈ ವರ್ಷ ಕಾಲನಿಗೆ ಸಿಮೆಂಟು ರಸ್ತೆ ಮಂಜೂರಾಗಿತ್ತು. ಇಂಜಿನಿಯರು ಬಂದು ನೋಡಿ ಬರೆದರೆ ಮುಗಿಯಿತು, ದೀಪಾವಳಿಗೆ ಆಟೋ ಮನೆ ಬಾಗಿಲಿಗೆ.

ಇಂಜಿನಿಯರು ಗುರುವಾರ ಬಂದ.

ಟಾರು ಮುಗಿಯುವ ಜಾಗದಲ್ಲಿ ಜೀಪು ನಿಂತಿತ್ತು. ಪಕ್ಕದಲ್ಲಿ ದೇವರಾಜು, ಅವನ ಪಕ್ಕದಲ್ಲಿ ಹೊಸ ಟೈರಿನ ಬೈಕು. ಕೆಂಚಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಸಾಹೇಬರಿಗೆ ಕೊಡಲು ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ನಿಂತಿದ್ದ. ದೇವರಾಜು ಫೋನು ಮಾಡಿ ಕರೆಸಿದ್ದರಿಂದ ಪುನೀತನೂ ಕೆಲಸ ಬಿಟ್ಟು ಬಂದಿದ್ದ. ಕಾಲನಿಯ ಉಳಿದ ಜನ ಆ ತುದಿಯಲ್ಲಿ ಕಾಯುತ್ತಿದ್ದರು.

ಇಂಜಿನಿಯರು ಫಾರಂ ಓದಿದ. "ಇಲ್ಲೊಂದು ಪ್ರಶ್ನೆ ಇದೆ. ಮಳೆಗಾಲದಲ್ಲಿ ಜನವಸತಿಗೆ ವಾಹನ ಹೋಗುತ್ತದೆಯೇ, ಹೌದು, ಇಲ್ಲ. ಇಲ್ಲ ಅಂದ್ರೆ ಈ ದುಡ್ಡು ನಿಮ್ಮ ರಸ್ತೆಗೇ. ಹೌದು ಅಂದ್ರೆ ಪಟ್ಟಿಯಲ್ಲಿ ಮುಂದಿನ ರಸ್ತೆಗೆ ಹೋಗುತ್ತೆ."

ಮುಂದಿನ ರಸ್ತೆ ಯಾವುದು ಅಂತ ಯಾರೂ ಕೇಳಬೇಕಿರಲಿಲ್ಲ. ಬೆಟ್ಟದ ಬುಡದಲ್ಲಿ ದೇವರಾಜು ಟೆಂಟು ಹೊಡೆಸಿ, ಬೆಂಗಳೂರಿನವರಿಗೆ ಕೆಸರಿನಲ್ಲಿ ಬೈಕು ಹೊಡೆಯುವ ಮೋಜು ಮಾರುತ್ತಿದ್ದ. ಕೆಸರು ಮಾರುವವನಿಗೆ ತನ್ನ ಗೇಟಿನವರೆಗೆ ಸಿಮೆಂಟು ಬೇಕಾಗಿತ್ತು.

"ಜೀಪ್ ಇಳ್ಸಿ ನೋಡಿ ಸ್ವಾಮಿ," ಕೆಂಚಯ್ಯ ಉತ್ಸಾಹದಿಂದ ಹೇಳಿದ. "ಹೂತೋಯ್ತದೆ."

"ಜೀಪೇ ಆಗಬೇಕು ಅಂತ ಎಲ್ಲೂ ಬರೆದಿಲ್ಲವಲ್ಲ ಯಜಮಾನ್ರೆ. ಬೈಕೂ ವಾಹನವೇ."

ದೇವರಾಜು ಬೀಗದ ಕೈಯನ್ನು ಪುನೀತನತ್ತ ಎಸೆದ. "ನೀನೇ ಓಡುಸ್ಲಾ. ನಾನ್ ಓಡುಸುದ್ರೆ ಗೌಡ ಏನೋ ಮಸಲತ್ತು ಮಾಡ್ದ ಅಂತೀರ. ಗಾಳಿ ಹದ್ನೆಂಟಕ್ ಇಳ್ಸಿವ್ನಿ, ನೀನೇಳ್ದಂಗೇಯ."

ಬೀಗದ ಕೈ ಹಿಡಿದ ಪುನೀತನಿಗೆ ಅಂಗಡಿಯ ಆ ದಿನ ಈಗ ಅರ್ಥವಾಯಿತು. ಆ ಸ್ಟೂಲು, ಆ ಟೀ, ಎರಡು ಸಲ ಕೇಳಿದ ಆ ಪ್ರಶ್ನೆ.

ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ನೆಪದಲ್ಲಿ ಕೆಂಚಯ್ಯ ಮಗನ ಕಿವಿಯ ಹತ್ತಿರ ಬಂದ. "ಕೋಡಿತಾವ ಕೆಡವ್ಬುಡ್ಲಾ. ನಿನ್ ಕೈಕಾಲ್ ಮುರುದ್ರೂ ಚಿಂತಿಲ್ಲ. ಕೆಡವು."

"ಕೆಡವ್ತೀನಿ ಬುಡಪ್ಪ."

ಇಂಜಿನಿಯರು ಪ್ಯಾಂಟು ಮಡಚಿ ಹಿಂದೆ ಹತ್ತಿದ. ಮೊದಲು ಪುನೀತನ ಮೈ ತಾಗದಂತೆ ಹಿಂದಿನ ಕಂಬಿ ಹಿಡಿದುಕೊಂಡ. ಟಾರು ಇಳಿದು ಚಕ್ರ ಒಂದು ಸಲ ಓಲಾಡಿದ್ದೇ ತಡ, ಎರಡೂ ಕೈಯಿಂದ ಅವನ ಸೊಂಟ ತಬ್ಬಿಕೊಂಡ.

ಕೋಡಿಯ ನೀರು ಕೆಂಪಗೆ ಹರಿಯುತ್ತಿತ್ತು. ಕೆಡವುವುದು ಕಷ್ಟದ ಕೆಲಸವಲ್ಲ. ನೀರಿನ ನಡುವೆ ಮುಂದಿನ ಬ್ರೇಕು ಹಿಡಿದರೆ ಸಾಕು. ಪುನೀತ ಇಳಿದ. ಹಿಂದಿನ ಚಕ್ರ ಎಡಕ್ಕೆ ಜಾರಿತು. ಈಗ, ಅಂದುಕೊಂಡ. ಆದರೆ ಅಷ್ಟರಲ್ಲಿ ಮೊಣಕಾಲು ಟ್ಯಾಂಕನ್ನು ಅವುಚಿ ಹಿಡಿದಿತ್ತು, ಮಣಿಕಟ್ಟು ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಸಡಿಲಿಸಿತ್ತು, ಬಟನ್ನುಗಳು ಜೇಡಿಯನ್ನು ಕಚ್ಚಿ ಬೈಕು ನೆಟ್ಟಗಾಗಿತ್ತು. ಹತ್ತು ವರ್ಷ ಬೀಳಬಾರದೆಂದು ಕಲಿತ ಮೈ ಅದು. ಬೀಳು ಅಂದರೆ ಅದಕ್ಕೆ ಕೇಳಿಸಲೇ ಇಲ್ಲ.

ಇರಲಿ, ಮುಂದೆ ದಿಬ್ಬವಿದೆ. ದಿಬ್ಬದಲ್ಲಿ ಟೈರು ಗಟ್ಟಿಯಾಗಿ ಹಿಡಿಯಿತು. ಇರಲಿ, ಹೊಂಗೆಮರದ ಹತ್ತಿರ ಗುಂಡಿಯಿದೆ. ಎಮ್ಮೆ ಹೊರಳುವಷ್ಟು ದೊಡ್ಡ ಗುಂಡಿ, ಅದೇ ಕೊನೆಯದು.

ಗುಂಡಿ ಹತ್ತು ಮಾರು ದೂರವಿರುವಾಗ ಇಂಜಿನಿಯರು ಹಿಂದಿನಿಂದ ಕೂಗಿದ. "ಎಂಥ ಗ್ರಿಪ್ಪಯ್ಯ ಇದು! ಯಾರು ಹಾಕಿದ್ದು ಈ ಟೈರು?"

"ನಾನೇ ಸಾ," ಅಂದ ಪುನೀತ. "ಅರ್ಧಕ್ಕರ್ಧದ್ದು. ಕೆಸರು ತಾನಾಗೇ ಉದುರ್ತದೆ ನೋಡಿ."

ಎರಡು ಮಾತು. ಅವು ಬಾಯಿಂದ ಹೊರಬೀಳುವಷ್ಟರಲ್ಲಿ ಗುಂಡಿ ಹಿಂದೆ ಉಳಿದಿತ್ತು.

ಕಾಲನಿಯ ಮಕ್ಕಳು ಚಪ್ಪಾಳೆ ತಟ್ಟುತ್ತ ಓಡಿ ಬಂದರು. ಅವರ ಹಿಂದೆ ದೊಡ್ಡವರೂ ತಟ್ಟಿದರು. ಸಾಹೇಬರು ಬಂದರೆ ರಸ್ತೆ ಬಂದ ಹಾಗೆ ಅಂತ ಅವರ ಲೆಕ್ಕ. ಕುರ್ಚಿಯಲ್ಲಿ ಕೂತಿದ್ದ ದೊಡ್ಡಲಕ್ಷ್ಮಮ್ಮ ಪಕ್ಕದವರಿಗೆ ಹೇಳುತ್ತಿದ್ದಳು: "ನೋಡ್ರಮ್ಮಿ, ನನ್ ಮಗ ಸಾಹೇಬ್ರ ಬೂಟ್ಸೂ ನೆನೀದಂಗೆ ಕರ್ಕಂಬಂದವ್ನೆ."

ಇಂಜಿನಿಯರು ಬೈಕಿನ ಸೀಟಿನ ಮೇಲೆ ಫಾರಂ ಇಟ್ಟು 'ಹೌದು' ಎಂಬಲ್ಲಿ ಸರಿ ಗುರುತು ಹಾಕಿದ.

"ಸಾ, ಅದು ಟೈರಿಂದ ಸಾ," ಅಂದ ಪುನೀತ. "ಮಾಮೂಲಿ ಟೈರಲ್ಲಿ ಒಂದ್ ಮಾರೂ ಬರಕ್ಕಾಗಲ್ಲ. ಆಟೋ ಬರಲ್ಲ. ನಮ್ಮವ್ವುನ್ ಕಾಲು ನೋಡಿ ಸಾ."

"ಟೈರಿಗೆ ಇದರಲ್ಲಿ ಕಾಲಂ ಇಲ್ಲಪ್ಪ." ಇಂಜಿನಿಯರು ಬೈಕು, ಮಕ್ಕಳು, ಕುರ್ಚಿ ಎಲ್ಲವೂ ಬರುವ ಹಾಗೆ ಫೋಟೋ ತೆಗೆದ. ದೊಡ್ಡಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ನಕ್ಕಳು. ಫೋಟೋ ಅಲ್ಲಿಂದಲೇ ಆಫೀಸಿಗೆ ಹೋಯಿತು. ಆ ಕಾಲನಿಗೆ ರಸ್ತೆ ಬಂದಿರಲಿಲ್ಲ, ನೆಟ್‌ವರ್ಕು ಬಂದಿತ್ತು.

ವಾಪಸು ಬರುವಾಗ ಪುನೀತ ಕೆಡವಿದ. ಕೋಡಿಯ ನಟ್ಟನಡುವೆ ಮುಂದಿನ ಬ್ರೇಕನ್ನು ಹಲ್ಲುಕಚ್ಚಿ ಹಿಡಿದ. ಮೈ ಮತ್ತೆ ಉಳಿಸಿಕೊಳ್ಳಲು ಹೋದಾಗ ಹ್ಯಾಂಡಲನ್ನೇ ಕೈಬಿಟ್ಟ. ಇಂಜಿನಿಯರು ನೀರಿನಲ್ಲಿ ದೊಪ್ಪನೆ ಕುಕ್ಕರಿಸಿದ. ಬೈಕು ಪುನೀತನ ಬಲಭುಜದ ಮೇಲೆ ಬಿತ್ತು. ಒಳಗೆ ಕಟಕ್ಕೆಂದಿದ್ದು ಅವನ ಕಿವಿಗೇ ಕೇಳಿಸಿತು.

ಇಂಜಿನಿಯರು ಎದ್ದು, ಮೊದಲು ಫೋನು ಒರೆಸಿ ನೋಡಿಕೊಂಡು, ಆಮೇಲೆ ಅವನ ಕಪಾಳಕ್ಕೆ ಬಾರಿಸಿದ. "ಬೇಕೂಂತಲೇ ಬೀಳಿಸ್ತೀಯಾ? ಹೋಗುತ್ತದೆಯೇ ಅಂತ ಕೇಳಿರೋದು ಕಣೋ. ಬರುತ್ತದೆಯೇ ಅಂತ ಕೇಳಿಲ್ಲ."

ಕೆಸರು ಮೆತ್ತಿಕೊಂಡ ಇಬ್ಬರೂ ಬೈಕು ಬಿಟ್ಟು ನಡೆದು ಬರುವುದನ್ನು ಟಾರಿನ ಮೇಲೆ ನಿಂತಿದ್ದ ಕೆಂಚಯ್ಯ ದೂರದಿಂದಲೇ ಕಂಡ. ಅವನ ಮುಖ ಅರಳಿತು. ಬಿಳಿ ಅಂಗಿಯ ಪರಿವೆಯಿಲ್ಲದೆ ಕೆಸರಿಗೆ ಇಳಿದು ಓಡಿ ಬಂದು ಮಗನನ್ನು ಅಪ್ಪಿಕೊಂಡ. ಪುನೀತ ನೋವಿಗೆ ಚೀರಿದ. ಅಪ್ಪನಿಗೆ ಅದೂ ಸಂತೋಷದ ಕೂಗೇ ಅನ್ನಿಸಿತು.

"ಬಿದ್ಯಾ ಮಗ? ಕೆಡವ್ದಾ?"



"ಹೋಗೋವಾಗ ರಾಜನ ಥರ ಓಡಿಸಿದ ನಿಮ್ಮ ಹುಡುಗ," ಅಂದ ಇಂಜಿನಿಯರು, ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ. "ಬರೋವಾಗ ಏನು ಬಂತೋ ರೋಗ. ದೇವರಾಜು, ಮನೇಲಿ ಬಿಸಿನೀರಿದೆಯೇನ್ರೀ?"

"ಐತೆ ಬನ್ನಿ ಸಾ. ಊಟಾನೂ ಆಗೈತೆ." ದೇವರಾಜು ಹೋಗುತ್ತ ತಿರುಗಿ ನೋಡಿದ. "ಪುನೀತ, ಗಾಡಿ ತೊಳ್ದು ತಂದ್ ನಿಲ್ಸ್ಲಾ. ಬಟನ್ ಸಂದೀಲಿ ಒಸೀನೂ ಮಣ್ ಉಳೀಬಾರ್ದು."

ಕೆಂಚಯ್ಯ ಮಗನನ್ನು ಬಿಟ್ಟು ಹಿಂದೆ ಸರಿದ. ಜೋತುಬಿದ್ದ ಆ ಬಲಗೈಯನ್ನು ನೋಡಿದ.

"ಭುಜ ಎತ್ತು," ಅಂದ.

ಪುನೀತ ಎತ್ತಲು ನೋಡಿದ. ಆಗಲಿಲ್ಲ.

"ನಾಳೆ ನಿಮ್ಮವ್ವುಂದು ಡ್ರೆಸ್ಸಿಂಗ್ ಐತೆ ಕಣ್ಲಾ. ಕುರ್ಚಿಗೆ ನಾಕ್ ಭುಜ ಬೇಕು."

ಸಂಜೆ ಕೆಂಚಯ್ಯ ಕಾಲನಿಯಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಒಂದು ಭುಜ ಕೇಳಿದ. ಅಷ್ಟರಲ್ಲಿ ಫಾರಮಿನ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಬೆಳಗ್ಗೆ ಚಪ್ಪಾಳೆ ತಟ್ಟಿದ್ದ ಕೈಗಳು ಬಾಗಿಲು ಮುಂದೆ ಮಾಡಿಕೊಂಡವು. ಕೊನೆಗೆ ಅವನು ಮುನಿಶಾಮಯ್ಯನ ಮನೆ ಮುಂದೆ ನಿಂತು, ನೀನೂ ನಿನ್ನ ತಮ್ಮಂದಿರೂ ಬಂದರೆ ಸಾಕು, ನಾಲ್ಕನೆಯವನು ನಾನೇ ಆಗುತ್ತೇನೆ ಎಂದ. ಕೆಂಚಯ್ಯನಿಗೆ ಅರವತ್ತೆಂಟು ವರ್ಷ.

ಮುನಿಶಾಮಯ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಮುದ್ದೆ ಮುರಿಯುತ್ತಲೇ ಹೇಳಿದ.

"ಯಾಕ್ ಕೆಂಚಣ್ಣ, ವಾಹನ ಓಡಾಡ್ತದಲ್ಲ ಈಗ? ನಿನ್ ಮಗನ್ನೇ ಕೇಳೋಗು."