ದೊಣೆಯ ಚೊಂಬು

ಛತ್ರಕ್ಕೆ ಮುಂಗಡ, ವಿಡಿಯೊದವನಿಗೆ ಮುಂಗಡ, ಹುಡುಗನಿಗೆ ಬೈಕು. ಚಾಮರಾಜನಗರದ ಆಫೀಸೊಂದರಲ್ಲಿ ಜವಾನನಾಗಿದ್ದ ಹಂಗಳದ ರಾಜಣ್ಣ, ಮಗಳು ಶಿವರಂಜಿನಿಯ ಮದುವೆಯನ್ನು ಸಾಹೇಬರ ಮನೆ ಮದುವೆಯಂತೆ ಗುಂಡ್ಲುಪೇಟೆಯಲ್ಲಿ ಮಾಡಹೊರಟು, ಅಡುಗೆ ಪಾತ್ರೆಯ ಬಾಡಿಗೆಯ ಹೊತ್ತಿಗೆ ಕೈ ಬರಿದು ಮಾಡಿಕೊಂಡಿದ್ದ. ಹೆಂಡತಿ ನೀಲಾವತಿ ತಲೆ ಮೇಲೆ ಕೈಹೊತ್ತು ಕೂತಳು.

ಮೂಲೆಯಿಂದ ಅತ್ತೆ ಗುರುಮಲ್ಲಮ್ಮ ಬಾಯಿಬಿಟ್ಟಳು. “ಬಂಡೆ ಮ್ಯಾಲೆ ನೀರಿನ್ ದೊಣೆ ಇಲ್ವಾ? ನನ್ ಮದ್ವೆಗೆ ಪಾತ್ರೆ ಕೊಟ್ಟಿದ್ದು ಅದೇಯ. ಎಲೆ ಅಡಿಕೆ ಮಡಗಿ ಕೇಳ್ಕಬೇಕು, ತಿರುಗಿ ನೋಡ್ದಂಗೆ ಬರ್ಬೇಕು. ಆಮೇಲೆ ಒಂದೂ ಬುಡ್ದಂಗೆ ವಾಪಸ್ ಮಡಗ್ಬೇಕು.”

“ಈಗ್ಲೂ ಕೊಟ್ಟದಾ ಅತ್ತೆ?”

“ಅದು ಕೊಡಾದ್ ನಿಲ್ಸಿಲ್ಲ ಕಣಮ್ಮಿ. ಶಾಮಿಯಾನ ಅಂಗ್ಡಿ ಬಂದ್ಮ್ಯಾಲೆ ನಾವೇ ಕೇಳಾದ್ ಬುಟ್ಟೊ.”

ರಾಜಣ್ಣ ನಕ್ಕ. “ಓಗು, ಅಂಗೇ ಒಂದ್ ಅಂಬಾಸಿಡರ್ ಕಾರೂ ಕೇಳ್ಬುಡು.”

ಆ ಸಂಜೆ ನೀಲಾವತಿ ದೊಣೆಯ ದಡದಲ್ಲಿ ಎಲೆ ಅಡಿಕೆ ಇಟ್ಟು ಕೇಳಿಕೊಂಡು ಬಂದಳು. ಮಾರನೆಯ ಬೆಳಗ್ಗೆ ರಾಜಣ್ಣ ನಗಲಿಲ್ಲ. ದೊಣೆಯ ದಡದಲ್ಲಿ ಹಂಡೆ, ಕೊಳಗ, ಸೌಟು, ಒಂದು ಕಂಚಿನ ಚೊಂಬು. ಎಲ್ಲದಕ್ಕೂ ಪಾಚಿಯ ವಾಸನೆ.

ಛತ್ರದಲ್ಲಿ ಅಡುಗೆಯ ಮಹಾಲಿಂಗ ನೀಲಾವತಿಯನ್ನು ಕರೆದ. “ಮುಟ್ ನೋಡಕ್ಕ. ಒಳ್ಗೆ ಸಾರು ಕುದೀತಾ ಅದೆ, ಹೊರ್ಗೆ ಹಂಡೆ ಐಸ್ ಇದ್ದಂಗದೆ.”

ಕೊನೆಯ ಪಂಕ್ತಿಯಲ್ಲಿ ಒಂದು ಸಾಲು ಜನ ತಲೆತಗ್ಗಿಸಿ ಉಂಡರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದು. ಅವರು ಎದ್ದುಹೋದ ಮೇಲೆ ನೆಲವೆಲ್ಲ ಒದ್ದೆ.

ಹೆಣ್ಣು ಕಳಿಸುವಾಗ ಬೀಗಿತ್ತಿ ಶಾಂತಮಲ್ಲಮ್ಮ ಮೂಗು ಮುರಿದಳು. “ಬೈಕ್ ಕೊಟ್ಟೋರ್ಗೆ ಮಗಳ ಕೈಗೊಂದ್ ಚೊಂಬ್ ಕೊಡಕ್ಕೆ ಗತಿಯಿಲ್ವಾ?” ರಾಜಣ್ಣನಿಗೆ ಚುರುಕ್ಕೆಂದಿತು. ಕೈಗೆ ಸಿಕ್ಕ ಕಂಚಿನ ಚೊಂಬನ್ನೇ ಮಗಳ ಕೈಗಿಟ್ಟ. ನೀಲಾವತಿಯ ಕೈ ತಡೆಯಲು ಎದ್ದಿತು. ಸುತ್ತ ನಿಂತ ಬೀಗರ ಮುಖ ಕಂಡು ಇಳಿಯಿತು.

ಉಳಿದ ಪಾತ್ರೆಗಳನ್ನು ದೊಣೆಯ ದಡಕ್ಕಿಟ್ಟು ಬಂದರು. ಮರುದಿನ ನೀಲಾವತಿ ಹೋಗಿ ನೋಡಿದರೆ ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ಒಂದು ಹಸಿ ವೀಳ್ಯದೆಲೆ, ಮೇಲೊಂದು ಅಡಿಕೆ, ಥೇಟು ಅಂದು ಅವಳೇ ಇಟ್ಟಿದ್ದಂತೆ. ಎಲೆಯ ತುದಿ ಮಾತ್ರ ಅವಳ ಕಡೆಗಿತ್ತು.

“ಈಗ ಅದು ಕೇಳ್ತಾ ಅದೆ,” ಎಂದಳು ಗುರುಮಲ್ಲಮ್ಮ. “ಚೊಂಬು ಬರ್ನಿಲ್ಲ ಅಂದ್ರೆ ಚೊಂಬು ಹಿಡ್ದೋಳ್ನೆ ಕರ್ಕತದೆ.”

ನೀಲಾವತಿ ಸಿಕ್ಕ ಬಸ್ಸು ಹತ್ತಿ ಮಗಳ ಗಂಡನ ಊರು ಪುಣಜನೂರಿಗೆ ಹೋದಳು. ಸುಡುವ ಮಧ್ಯಾಹ್ನ. ಮಗಳು ಹೊಸಿಲಲ್ಲಿ ಕೂತಿದ್ದಳು, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

“ನೀರು ಉಯ್ಕಂಡ್ಯೇನವ್ವ?”

“ಇಲ್ಲ ಕಣವ್ವ. ಒರೆಸ್ದಷ್ಟೂ ನೆನೀತದೆ. ಕಣ್ಮುಚ್ಚುದ್ರೆ ಯಾರೋ ‘ಬಾ, ಪಂಕ್ತಿ ಕೂತದೆ’ ಅಂತ ಕರೀತಾರೆ.”

ನೀಲಾವತಿ ಚೊಂಬು ಕೇಳಿದಳು. ಬೀಗಿತ್ತಿ ಅಕ್ಕಪಕ್ಕದವರಿಗೂ ಕೇಳುವಂತೆ ನಕ್ಕಳು. “ಕೊಟ್ಟಿದ್ದ ಈಸ್ಕೊಳಕ್ಕೆ ಬಸ್ ಚಾರ್ಜ್ ಇಟ್ಕಂಡ್ ಬಂದ್ಯಾ?”

“ಅದು ನಮ್ದಲ್ಲ ಅಕ್ಕ. ಹಂಡೆ, ಸೌಟು, ಯಾವುದೂ ನಮ್ದಲ್ಲ. ನಮ್ಗೆ ಗತಿ ಇರ್ನಿಲ್ಲ. ಕೇಳ್ಕಂಡ್ ತಂದಿದ್ದು.”

ಚೊಂಬು ಹೊಸಿಲು ದಾಟುತ್ತಿದ್ದಂತೆ ಮಗಳ ಕೂದಲಿನ ಹನಿ ನಿಂತಿತು.

ಸಂಜೆ ದೊಣೆಯಲ್ಲಿ ಚೊಂಬನ್ನು ಇಳಿಬಿಟ್ಟಾಗ ಅದು ಮುಳುಗಲಿಲ್ಲ. ಕೆಳಗಿನಿಂದ ಯಾರೋ ಮೆಲ್ಲಗೆ ಇಸಿದುಕೊಂಡರು. ಆದರೆ ದಡದ ಮೇಲಿನ ಎಲೆ ಹಾಗೇ ಇತ್ತು. ನೀಲಾವತಿ ಬಹಳ ಹೊತ್ತು ಕಾದಳು. ಇಟ್ಟ ವೀಳ್ಯವನ್ನು ಯಾರಾದರೂ ಹಿಡಿಯಲೇಬೇಕು. ಮಗಳಂತೂ ಹಿಡಿಯಕೂಡದು. ಬಗ್ಗಿ, ತಾನೇ ತೆಗೆದು ಸೆರಗಿಗೆ ಕಟ್ಟಿಕೊಂಡಳು.

ಮನೆಯಲ್ಲಿ ಗುರುಮಲ್ಲಮ್ಮ ಕೇಳಿದಳು. “ತಿರುಗಿ ನೋಡ್ನಿಲ್ಲ ತಾನೆ?”

“ಇಲ್ಲ ಅತ್ತೆ.”

ಸಮಾಧಾನದಿಂದ ಸೊಸೆಯ ತಲೆ ಸವರಿದ ಮುದುಕಿ, ಒದ್ದೆಯಾದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.