ಅಬ್ಬಾನ ವರಮಾನ

ನಮ್ಮ ಅಬ್ಬಾಗೆ ಬಡವ ಅಂತ ಹೇಳಿಕೊಳ್ಳಲು ಬರುವುದಿಲ್ಲ. ಸೋಫಾ ಹೊಲಿಯಲು ಬರುತ್ತದೆ, ಆಟೋ ಸೀಟು ಹೊಲಿಯಲು ಬರುತ್ತದೆ, ಹಿರಿಯೂರಿನಲ್ಲಿ ಓಡಾಡುವ ಎಷ್ಟೋ ಬಸ್ಸುಗಳ ಸೀಟಿಗೆ ರೆಕ್ಸಿನ್ ಹಾಕಿದವರು ಅವರೇ. ಆದರೆ ‘ನಮಗೆ ಸಾಲ್ತಿಲ್ಲ ಸ್ವಾಮಿ’ ಅನ್ನುವ ಒಂದು ಮಾತು ಅವರ ಗಂಟಲಿನಿಂದ ಮೇಲೆ ಬರುವುದಿಲ್ಲ. ಆ ಒಂದು ಮಾತಿಗೆ ಈ ವರ್ಷ ನನ್ನ ಕಾಲೇಜೇ ಕೈತಪ್ಪಿ ಹೋಗುವುದರಲ್ಲಿತ್ತು.

ಚಿತ್ರದುರ್ಗದಲ್ಲಿ ನನಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಮೊದಲ ಕಂತು ಹೇಗೋ ಕಟ್ಟಿದ್ದಾಯಿತು. ಎರಡನೆಯದನ್ನು ಕಟ್ಟಬೇಕಾದರೆ ವಿದ್ಯಾರ್ಥಿವೇತನ ಬರಬೇಕು, ಬರದಿದ್ದರೆ ಮನೆಯಲ್ಲಿ ಕೂತು ಅಬ್ಬಾನ ಸೋಫಾಗಳಿಗೆ ಗುಂಡಿ ಹೊಲಿಯಬೇಕು. ನನಗೆ ಕೂತಲ್ಲಿ ಕೂರಲು ಬರುವುದಿಲ್ಲ ಅನ್ನುವುದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ಗೊತ್ತಾದ ಮೇಲಂತೂ ಊಟವನ್ನೂ ನಿಂತುಕೊಂಡೇ ಮಾಡುತ್ತಿದ್ದೆ.

ದಾರಿ ಹೇಳಿಕೊಟ್ಟವಳು ರಂಜಿತಾ. ಪಿಯುಸಿಯಲ್ಲಿ ನನ್ನ ಪಕ್ಕದ ಬೆಂಚಿನವಳು, ಧರ್ಮಪುರದ ಕಡೆ ಕುರಿ ಸಾಕುವ ಗೊಲ್ಲರ ಮನೆಯ ಹುಡುಗಿ. ಅವಳು ಆಗಲೇ ಅರ್ಜಿ ಹಾಕಿ ಹಾಸ್ಟೆಲ್ಲನ್ನೂ ಹಿಡಿದಿದ್ದಳು. “ಮೊದ್ಲು ನಾಡಕಚೇರೀಲಿ ಆದಾಯ ಪ್ರಮಾಣಪತ್ರ ಮಾಡಿಸು. ಬ್ಯಾಂಕ್ ಖಾತೆಗೆ ಆಧಾರ್ ಸೇರಿಸು. ಆಮೇಲೆ ಮೊಬೈಲ್‌ನಾಗೆ ಅರ್ಜಿ. ಪ್ರಮಾಣಪತ್ರದಾಗೆ ಆದಾಯ ಜಾಸ್ತಿ ತೋರ್ಸಿದ್ರೆ ಮುಗೀತು ಕಣೇ, ಅರ್ಜಿ ಒಳಗೇ ಹೋಗಲ್ಲ,” ಅಂದಳು. ನಮ್ಮ ಆದಾಯ ಜಾಸ್ತಿ ಆಗುವ ಭಯ ನನಗೆ ಕನಸಿನಲ್ಲೂ ಇರಲಿಲ್ಲ. ನಕ್ಕುಬಿಟ್ಟೆ.

ಗ್ರಾಮ ಆಡಳಿತಾಧಿಕಾರಿ ರಂಗಸ್ವಾಮಿಯವರು ಮನೆ ನೋಡಲು ಬಂದ ದಿನ ನಾನು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. ವಾಪಸ್ ಬಂದಾಗ ಅಬ್ಬಾ ಬಹಳ ಖುಷಿಯಲ್ಲಿದ್ದರು.

“ಭಾಳ ಒಳ್ಳೇ ಮನುಷ್ಯ ಅಸ್ಫಿ. ಚಹಾ ಕುಡಿದ್ರು, ಖಾರ ಬಿಸ್ಕೆಟ್ ತಿಂದ್ರು, ಮನೆ ಚೆನ್ನಾಗೈತೆ ಅಂದ್ರು.”

ಮನೆ ಚೆನ್ನಾಗೈತೆ ಅನ್ನುವ ಮಾತು ಕೇಳಿದ್ದೇ ನಾನು ಮುಂದಿನ ಕೋಣೆಯತ್ತ ತಿರುಗಿ ನೋಡಿದೆ. ಅಲ್ಲಿ ವಕೀಲರೊಬ್ಬರ ಸೋಫಾ ಸೆಟ್ ಕೂತಿತ್ತು, ಹೊಸದಾಗಿ ಮರೂನ್ ಮಖಮಲ್ಲು ಹೊದ್ದುಕೊಂಡು. ಅಂಗಡಿಯಲ್ಲಿ ಜಾಗವಿಲ್ಲವೆಂದು ಕೆಲಸ ಮುಗಿದ ಸಾಮಾನನ್ನು ಅಬ್ಬಾ ಮನೆಗೆ ತಂದಿಡುತ್ತಾರೆ. ಗಿರಾಕಿಯ ಸಾಮಾನಿನ ಮೇಲೆ ಮನೆಯವರು ಕೂರುವಂತಿಲ್ಲ, ಅದು ಅವರ ಅಪ್ಪನ ಕಾಲದಿಂದ ಬಂದ ನಿಯಮ. ಹಾಗಾಗಿ ನಾವು ಚಾಪೆಯ ಮೇಲೆ, ಸೋಫಾ ನಮ್ಮ ಮುಂದೆ. ಬಂದ ಅಧಿಕಾರಿಯನ್ನು ಮಾತ್ರ ಅದರ ನಟ್ಟನಡುವೆ ಕೂರಿಸಿದ್ದರು.

ನಡೆದದ್ದನ್ನು ಅಮ್ಮಿ ಹೇಳಿದಳು. ಅವಳು ಪರದೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಏನ್ ತೊಂದ್ರೆ ಇಲ್ವಲ್ಲ ಸಾಬ್ರೇ?” ಅಂತ ರಂಗಸ್ವಾಮಿ ಕೇಳಿದರಂತೆ.

“ಮೇಲಿನವನ ದಯೆ ಸಾರ್. ಯಾವ್ದಕ್ಕೂ ಕಮ್ಮಿ ಇಲ್ಲ.”

“ತಿಂಗ್ಳಿಗೆ ಒಂದ್ ಮೂವತ್ತು ಸಾವ್ರ ಬರ್ತೈತಾ?”

“ಬಂದಿದ್ದೂ ಐತೆ ಸಾರ್.”

ಬಂದಿದ್ದೇನೋ ನಿಜ. ಕಲ್ಯಾಣ ಮಂಟಪದವರು ಒಮ್ಮೆ ಎಲ್ಲ ಕುರ್ಚಿಗಳ ಮೆತ್ತೆಯನ್ನು ಅಬ್ಬಾ ಕೈಲೇ ಹೊಸದಾಗಿ ಹಾಕಿಸಿದ್ದರು, ನಾನಾಗ ಏಳನೇ ಕ್ಲಾಸು. ಅಮ್ಮಿ ಪರದೆಯ ಹಿಂದಿನಿಂದ ಜೋರಾಗಿ ಕೆಮ್ಮಿದಳಂತೆ. ಅಬ್ಬಾ ಒಳಗೆ ಹಣಕಿ ನೋಡಿ “ಸಾರ್‌ಗೆ ಇನ್ನೊಂದ್ ಬಿಸ್ಕೆಟ್ ತಾ” ಅಂದರಂತೆ.

ಪ್ರಮಾಣಪತ್ರ ಬಂತು. ತಿಂಗಳ ಮೂವತ್ತು ಸಾವಿರದ ಲೆಕ್ಕದಲ್ಲಿ ವರ್ಷದ ಆದಾಯ ಬರೆದಿದ್ದರು. ಮೊಬೈಲಿನಲ್ಲಿ ಅದರ ಸಂಖ್ಯೆ ಒತ್ತಿದ ಕೂಡಲೇ ‘ನೀವು ಅರ್ಹರಲ್ಲ’ ಅಂತ ಕೆಂಪು ಅಕ್ಷರ ಮೂಡಿತು. ಮತ್ತೆ ಒತ್ತಿದೆ, ಮತ್ತೆ ಕೆಂಪು. ನಾನು ಅಬ್ಬಾನ ಮೇಲೆ ಕೂಗಾಡಿದೆ. ಬೀದಿಯವರು ಬಾಗಿಲಿಗೆ ಬಂದು ನಿಲ್ಲುವಷ್ಟು ಕೂಗಾಡಿದೆ.

“ಸೋಫಾ ನಮ್ದಲ್ಲ ಅಂತ ಹೇಳೋಕೆ ಏನಾಗಿತ್ತು ಅಬ್ಬಾ?”

“ಅವ್ರು ಕೇಳ್ಲಿಲ್ಲ.”

“ಯಾವ್ದಕ್ಕೂ ಕಮ್ಮಿ ಇಲ್ವಾ ನಮಗೆ?”

ಅಬ್ಬಾ ಕತ್ತರಿ ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದಾಗ ದನಿ ಇನ್ನೂ ತಗ್ಗುತ್ತದೆ. “ಅಲ್ಲಾಹ್ ಕೊಟ್ಟಿದ್ದು ಸಾಲ್ದು ಅಂತ ಹೊರಗಿನ ಮನುಷ್ಯನ ಮುಂದೆ ಹೆಂಗಮ್ಮ ಹೇಳ್ಲಿ? ನಾಶುಕ್ರಿ ಆಗ್ತೈತೆ.”

ಶುಕ್ರ್ ಅಂದರೆ ಕೃತಜ್ಞತೆ, ನಾಶುಕ್ರಿ ಅಂದರೆ ಕೊಟ್ಟವನಿಗೆ ಮಾಡುವ ಕೃತಘ್ನತೆ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅದಕ್ಕೆ ಉತ್ತರ ಕೊಟ್ಟವಳು ಅಮ್ಮಿ. “ಶುಕ್ರ್ ನೀವು ನಮಾಜಿನಾಗೆ ಮಾಡ್ರಿ. ಕಚೇರಿಯವ್ರ ಮುಂದೆ ಇದ್ದಿದ್ದು ಇದ್ದಂಗೆ ಹೇಳ್ರಿ,” ಅಂದು ಒಳಗೆ ಹೋದಳು.

ರಂಜಿತಾಗೆ ಫೋನ್ ಮಾಡಿದೆ. “ನಮ್ಮಪ್ಪನೂ ಹಂಗೇ ಕಣೇ,” ಅಂತ ಅವಳು ನಕ್ಕಳು. “ಕುರಿ ಎಷ್ಟವೆ ಅಂತ ಕೇಳಿದ್ರೆ ಬಾಯೇ ಬಿಡಲ್ಲ, ದೃಷ್ಟಿ ಆಗ್ತೈತಂತೆ. ನೀನು ತಕರಾರು ಅರ್ಜಿ ಕೊಡು. ಉಪತಹಶೀಲ್ದಾರ್ ಕರೆಸಿ ಕೇಳ್ತಾರೆ. ಆದ್ರೆ ನಿಮ್ಮಪ್ಪನೇ ಬಾಯಿ ಬಿಟ್ಟು ಹೇಳ್ಬೇಕು.” ಅರ್ಜಿ ಕೊಟ್ಟೆ. ಕರೆದ ದಿನಕ್ಕೂ ಕೊನೆಯ ದಿನಾಂಕಕ್ಕೂ ನಡುವೆ ವಾರ ಕೂಡ ಇರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅಬ್ಬಾ ದಿನಾ ಸಂಜೆ ಆರಕ್ಕೆ “ದೋಸ್ತ್ ಹತ್ರ ಕುಂತು ಬರ್ತೀನಿ” ಅಂತ ಒಂದು ಚೀಲ ಹಿಡಿದು ಹೊರಡುತ್ತಾರೆ, ಒಂಬತ್ತರ ಮೇಲೆ ಬರುತ್ತಾರೆ. ಅವರು ಯಾವ ದೋಸ್ತಿನ ಹತ್ತಿರವೂ ಕೂರುವುದಿಲ್ಲ. ಬೈಪಾಸಿನ ಆಚೆ ಈರುಳ್ಳಿ ಮಂಡಿಯಲ್ಲಿ ಲಾರಿಗೆ ಮೂಟೆ ಹೇರುತ್ತಾರೆ. ಊರಿನ ಹುಡುಗರಿಗೆಲ್ಲ ಕುಶನ್ ಕೆಲಸ ಕಲಿಸಿದ ಉಸ್ತಾದ್ ಹಮಾಲಿಗೆ ಹೋಗುತ್ತಾರೆ ಅಂತ ಯಾರಿಗೂ ಗೊತ್ತಾಗಬಾರದು, ಮನೆಯವರಿಗಂತೂ ಆಗಲೇಬಾರದು. ಹಳೇ ಅಂಗಿ ಆ ಚೀಲದಲ್ಲಿರುತ್ತದೆ. ಜೇಬಿನಲ್ಲಿ ಉಳಿದ ಈರುಳ್ಳಿ ಸಿಪ್ಪೆಯನ್ನು ಅಮ್ಮಿ ಬಟ್ಟೆ ಒಗೆಯುವಾಗ ಸುಮ್ಮನೆ ಕೊಡವುತ್ತಾಳೆ. ಮಷಿನ್ ತುಳಿದು ಹೆಗಲು ನೋಯುತ್ತದೆ ಅಂತ ಅವರು ಅಂದರೆ, ಯಾರಾದರೂ ಹೆಗಲಿನಿಂದ ಮಷಿನ್ ತುಳಿಯುತ್ತಾರಾ ಅಂತ ಕೇಳದೆ ಮುಲಾಮು ಹಚ್ಚುತ್ತಾಳೆ. ನಮಗೆ ಗೊತ್ತಿದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಕಚೇರಿಗೆ ಹೋಗುವ ಹಿಂದಿನ ದಿನ ಅಮ್ಮಿ ನನ್ನನ್ನು ಒಲೆಯ ಹತ್ತಿರ ಕರೆದಳು. “ಏನ್ ಬೇಕಾದ್ರೂ ಹೇಳು. ಮಂಡಿ ಮಾತು ಮಾತ್ರ ಎತ್ತಬ್ಯಾಡ. ನನ್ನ ಮೇಲೆ ಆಣೆ.”

“ಇಲ್ಲ ಅಮ್ಮಿ,” ಅಂದೆ. ಹೇಳಬೇಕಾಗಿ ಬರುವುದಿಲ್ಲ ಅಂತ ನಿಜವಾಗಿಯೂ ನಂಬಿದ್ದೆ, ಯಾಕೆಂದರೆ ಅಬ್ಬಾಗೆ ತರಬೇತಿ ಶುರುಮಾಡಿದ್ದೆ. ಅಮ್ಮಿ ಸ್ಟೂಲಿನ ಮೇಲೆ ಕೂತು ಅಧಿಕಾರಿಯಾದಳು.

“ಏನ್ ಸಾಬ್ರೇ, ಜೀವನ ಹೆಂಗೆ ನಡೀತೈತೆ?”

“ಅಲ್‌ಹಮ್ದುಲಿಲ್ಲಾಹ್, ಚೆನ್ನಾಗೈತೆ.”

“ಅಬ್ಬಾ!”

“ಬಾಯಿಗೆ ಅದೇ ಬರ್ತೈತಲ್ಲಮ್ಮ, ಏನ್ ಮಾಡ್ಲಿ?”

ಮತ್ತೆ ಕೇಳಿದೆವು, ಮತ್ತೆ ಅದೇ. ಕೊನೆಗೆ ಅಮ್ಮಿ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದಳು. ಅಬ್ಬಾನೂ ನಕ್ಕರು. ನಾನು ಮಾತ್ರ ಹಿತ್ತಲಿಗೆ ಹೋಗಿ ಅತ್ತೆ.

ಕಚೇರಿಯ ಪಡಸಾಲೆ ತುಂಬಾ ಜನ. ಅಬ್ಬಾಗೆ ಸಿಕ್ಕಿದ ಕುರ್ಚಿಯ ಮೆತ್ತೆ ಹರಿದಿತ್ತು. ಅವರು ಕೂರದೆ ಬಗ್ಗಿ, ಒಳಗಿನ ಸ್ಪಂಜು ಒತ್ತಿ ನೋಡುತ್ತಿದ್ದರು. ಇಬ್ಬರು ಆಟೋದವರು “ಏನ್ ಉಸ್ತಾದ್, ಈ ಕಡೆ?” ಅಂತ ಸಲಾಮು ಹಾಕಿ ಹೋದರು. ನಾನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದೆ. “ಕುಂತ್ಕಳಮ್ಮ, ತಲೆ ತಿರುಗ್ತೈತೆ ನಮಗೆ,” ಅಂತ ಯಾರೋ ಮುದುಕಿ ಬೈದಳು.

ಉಪತಹಶೀಲ್ದಾರ್ ಶಾಂತಿ ಮೇಡಂ ಕೆಟ್ಟವರೇನಲ್ಲ. ಮೇಜಿನ ಪಕ್ಕದಲ್ಲಿ ರಂಗಸ್ವಾಮಿಯವರೂ ನಿಂತಿದ್ದರು. ಬಾಗಿಲಲ್ಲಿ ಮುಂದಿನ ಸರದಿಯವರು ಒತ್ತಿಕೊಂಡು ನಿಂತಿದ್ದರು, ಆ ಆಟೋದವರೂ ಸೇರಿ. ಸೋಫಾ ವಕೀಲರದ್ದು ಅಂತ ನಾನು ಒಂದೇ ಉಸಿರಿಗೆ ಹೇಳಿದೆ.

“ಆಯ್ತಮ್ಮ, ಸೋಫಾ ಬಿಡು,” ಅಂದರು ಮೇಡಂ. “ತಿಂಗ್ಳಿಗೆ ಮೂವತ್ತು ಬರ್ತೈತೆ ಅಂತ ನಿಮ್ಮಪ್ಪನೇ ಹೇಳ್ಯಾರೆ. ಇಲ್ಲ ಅನ್ನೋದಾದ್ರೆ ಅವ್ರೇ ಹೇಳ್ಬೇಕು. ಹೇಳ್ರಿ ಸಾಬ್ರೇ, ಬರ್ತೈತೋ ಇಲ್ವೋ?”

ಅಬ್ಬಾ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ತುಟಿ ಅಲುಗಿತು. ನಾನು ಮನಸ್ಸಿನಲ್ಲೇ ಅವರಿಗೆ ಮಾತು ತಳ್ಳುತ್ತಿದ್ದೆ. ಅವರು ಬಾಗಿಲಲ್ಲಿದ್ದವರನ್ನು ಒಮ್ಮೆ ನೋಡಿದರು.

“ಮೇಲಿನವನ ದಯೆ ಮೇಡಂ... ನಡೀತೈತೆ.”

ಮೇಡಂ ಕಾಗದ ಪಕ್ಕಕ್ಕಿಟ್ಟರು. “ಹಂಗಾದ್ರೆ ನಾನೇನ್ ಮಾಡ್ಲಮ್ಮ? ಮುಂದಿನವ್ರು ಬರ್ರಿ.”

ಮುಂದಿನವರು ಬಂದೇಬಿಟ್ಟರು. ಯಾರದೋ ಮೊಣಕೈ ನನ್ನನ್ನು ಮೇಜಿನಿಂದ ಆಚೆ ಸರಿಸಿತು. ಆಗ ನನ್ನ ಬಾಯಿಂದ ಅದು ಹೊರಬಂತು. ಯೋಚಿಸಿ ಆಡಿದ ಮಾತಲ್ಲ, ಆದರೆ ಆಡಿದ್ದು ನಾನೇ.

“ಮೂವತ್ತು ಬರೋ ಮನುಷ್ಯ ಸಂಜೆ ಮಂಡೀಲಿ ಈರುಳ್ಳಿ ಮೂಟೆ ಯಾಕ್ ಹೊರ್ತಾರೆ ಮೇಡಂ? ನಮ್ಮ ಅಬ್ಬಾ ದಿನಾ ಹಮಾಲಿಗೆ ಹೋಗ್ತಾರೆ. ಹೆಗಲು ನೋಡ್ರಿ ಬೇಕಾದ್ರೆ, ಕಪ್ಪಾಗೈತೆ.”

ಆಟೋದವರಲ್ಲಿ ಒಬ್ಬ ಬಾಗಿಲಿಂದ ಹಿಂದೆ ಸರಿದ, ತನಗೆ ಕೇಳಿಸಲಿಲ್ಲ ಅನ್ನುವ ಹಾಗೆ. ಅದಕ್ಕೆ ನಾನು ಅವನಿಗೆ ಇವತ್ತಿಗೂ ಋಣಿ. ಅಬ್ಬಾ ನನ್ನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಹೌದಾ ಸಾಬ್ರೇ?” ಮೇಡಂ ಈ ಸಲ ಮೆಲ್ಲಗೆ ಕೇಳಿದರು.

ಇಲ್ಲ ಅಂದಿದ್ದರೆ ಅವರ ಮಾನ ಉಳಿಯುತ್ತಿತ್ತು. ಹುಡುಗಿಗೆ ತಲೆಕೆಟ್ಟಿದೆ ಅಂತ ನಕ್ಕು ಹೊರಗೆ ಬರಬಹುದಿತ್ತು, ಊರೂ ನಂಬುತ್ತಿತ್ತು. ಅಬ್ಬಾ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು.

“ಹೌದು ಮೇಡಂ. ನನ್ನ ಮಗಳು ಸುಳ್ಳು ಹೇಳಲ್ಲ. ಅಂಗಡಿಯಾಗೆ ಕೆಲ್ಸ ಇಲ್ಲ. ರೆಡಿಮೇಡ್ ಸೀಟ್ ಬಂದಾವೆ. ಇವಳ ಓದಿಗೆ ಅಂತ ಹೋಗ್ತೀನಿ, ಅದೂ ಸಾಲಲ್ಲ.”

ಮೇಡಂ ಬರೆದುಕೊಂಡರು. ರಂಗಸ್ವಾಮಿಯವರು ಎಲ್ಲಿ ಸಹಿ ಹಾಕಬೇಕೆಂದು ಅಬ್ಬಾಗೆ ತೋರಿಸಿದರು. ಪ್ರಮಾಣಪತ್ರ ತಿದ್ದಿ ಬಂತು, ಕೊನೆಯ ದಿನಕ್ಕೆ ಮೊದಲೇ ಅರ್ಜಿಯೂ ಹೋಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಆವತ್ತು ನನಗೆ ಗೆದ್ದ ಖುಷಿ ಒಂದಿಷ್ಟೂ ಆಗಲಿಲ್ಲ.

ದಾರಿಯುದ್ದಕ್ಕೂ ಅಬ್ಬಾ ಮುಂದೆ, ನಾನು ಹಿಂದೆ. ಬೈಯಲಿ, ಕೆನ್ನೆಗೆ ಎರಡು ಬಾರಿಸಲಿ, ಏನಾದರೂ ಮಾಡಲಿ ಅಂತ ಕಾಯುತ್ತಿದ್ದೆ. ಬಸ್ ನಿಲ್ದಾಣ ದಾಟಿದ ಮೇಲೆ ನಿಂತರು.

“ನಿಮ್ಮಮ್ಮಿಗೂ ಗೊತ್ತಾ?”

“ಗೊತ್ತು.”

“ಯಾವಾಗಿಂದ?”

“ಮೊದಲ್ನೇ ದಿನದಿಂದ.”

ತಲೆಯಾಡಿಸಿ ಮತ್ತೆ ನಡೆದರು. ಮನೆಗೆ ಬಂದು ಹೊಲಿಗೆ ಮಷಿನ್ ಮುಂದೆ ಕೂತರು. ಏನಾಯಿತೆಂದು ನಾನು ಅಮ್ಮಿಗೆ ಹೇಳಿದಾಗ ಅವಳು ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನವಿಡೀ ಆ ಮನೆಯಲ್ಲಿ ಮಷಿನ್ ಸದ್ದೊಂದೇ. ನಾನು ಒಳಗೆ ಹೋದೆ, ಹೊರಗೆ ಬಂದೆ, ನೀರು ತುಂಬಿದ ಕೊಡಕ್ಕೇ ಮತ್ತೆ ನೀರು ಹಾಕಿದೆ.

ಐದೂವರೆಗೆ ಮಷಿನ್ ನಿಂತಿತು. ಅಬ್ಬಾ ಕೈಕಾಲು ತೊಳೆದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕೂತರು. ಮಂಡಿಯ ಹಳೇ ಅಂಗಿ ಚೀಲದಲ್ಲಿರಲಿಲ್ಲ, ಮೈಮೇಲಿತ್ತು.

“ಜಹೀರಾ, ರೊಟ್ಟಿ ಈಗ್ಲೇ ಹಾಕಿಬಿಡು,” ಅಂದರು ಅಮ್ಮಿಗೆ. “ಹೆಂಗೂ ಎಲ್ರಿಗೂ ಗೊತ್ತೈತಲ್ಲ, ಇನ್ಮೇಲೆ ಉಂಡ್ಕೊಂಡೇ ಹೋಗ್ತೀನಿ. ಇಷ್ಟು ದಿನ ದೋಸ್ತ್ ಹತ್ರ ಹೋಗೋನು ಆರು ಗಂಟೆಗೇ ಯಾಕ್ ಉಣ್ತಾನೆ ಅಂತೀರಿ ಅಂತ ಸುಮ್ನಿದ್ದೆ. ಖಾಲಿ ಹೊಟ್ಟೇಲಿ ಮೂಟೆ ಎತ್ತೋದು ಭಾಳ ಕಷ್ಟ ಆಗ್ತಿತ್ತು.”

ಅಮ್ಮಿ ಹಂಚು ಒಲೆಯ ಮೇಲಿಟ್ಟಳು. ನಾನು ಹಿಟ್ಟು ಕಲಸಲು ಕೂತೆ.