ದಿನಕ್ಕೆ ಎರಡು ಸಲ ತೊಳೆಯಬೇಕು

ಅಕ್ಕನಿಗೆ ಐವತ್ನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಯಿತು. ಗಂಡು ಕನ್ನಡಕದ ಅಂಗಡಿಯವನು. ಓದುವ ಕನ್ನಡಕ ಮಾಡಿಸಲು ಹೋದವಳ ಕಣ್ಣು ಅಳೆಯುತ್ತ ಅಳೆಯುತ್ತ ಮನಸ್ಸನ್ನೂ ಅಳೆದುಬಿಟ್ಟ ಎಂದು ನೆಂಟರು ನಕ್ಕರು. ತಂಗಿಯೂ ನಕ್ಕಳು. ಅವಳಿಗೆ ನಲವತ್ತೇಳು. ಅಪ್ಪ ಅಮ್ಮ ಹೋದ ಮೇಲೆ ಇಪ್ಪತ್ತೆರಡು ವರ್ಷ ಅವರಿಬ್ಬರೂ ಎರಡನೆಯ ಮಹಡಿಯ ಎರಡು ಕೋಣೆಗಳಲ್ಲಿ ಒಟ್ಟಿಗೆ ಇದ್ದವರು. ಮದುವೆಯಾದ ಮೇಲೆ ಭಾವ ಅಂಗಡಿಯನ್ನು ತನ್ನ ಹುಟ್ಟೂರಿಗೆ ಸಾಗಿಸಿದ. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಅಕ್ಕನ ಬಟ್ಟೆ ಮಡಿಸಿದ್ದು, ಪೆಟ್ಟಿಗೆ ಕಟ್ಟಿದ್ದು, ಬಸ್ ಹತ್ತಿಸಿ ಕೈ ಬೀಸಿದ್ದು ಎಲ್ಲ ತಂಗಿಯೇ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು.

ಮೊದಲು ಸೋತದ್ದು ಅಡುಗೆಮನೆ. ಒಬ್ಬಳಿಗೆ ಎಷ್ಟು ಬೇಯಿಸಬೇಕೆಂಬುದೇ ಅವಳಿಗೆ ತಿಳಿಯದು. ಕೈ ಇಬ್ಬರ ಅಳತೆಗೆ ಒಗ್ಗಿಹೋಗಿತ್ತು. ಮಿಕ್ಕಿದ್ದನ್ನು ಮರುದಿನ ತಿಂದಳು, ಅದರ ಮರುದಿನ ಚೆಲ್ಲಿದಳು, ಕಡೆಗೆ ಒಲೆ ಹಚ್ಚುವುದೇ ಬೇಡವೆನಿಸಿತು.

ಅವಳ ಕೆಲಸ ಬೀಜ ಪರೀಕ್ಷೆಯ ಕೇಂದ್ರದಲ್ಲಿ. ಒದ್ದೆ ಕಾಗದದ ಮೇಲೆ ನೂರು ಬೀಜಗಳನ್ನು ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಬೆಚ್ಚಗಿನ ಕಪಾಟಿನಲ್ಲಿ ಇಡುವುದು. ಕೆಲವು ದಿನ ಬಿಟ್ಟು ಬಿಚ್ಚಿ, ಎಷ್ಟು ನೆಟ್ಟಗೆ ಮೊಳೆತಿವೆ, ಎಷ್ಟು ಸೊಟ್ಟ, ಎಷ್ಟು ಸತ್ತಿವೆ ಎಂದು ಎಣಿಸಿ ಬರೆಯುವುದು. ಆಮೇಲೆ ಎಲ್ಲವೂ ಕಸದ ಡಬ್ಬಿಗೆ. ಬಿತ್ತನೆಯ ಬೀಜಕ್ಕೆ ಔಷಧಿ ಸವರಿರುತ್ತಾರೆ, ಬಾಯಿಗೆ ಹಾಕುವಂತಿಲ್ಲ. ಒಂದು ಸಂಜೆ ಹಾಗೆ ಚೆಲ್ಲುವಾಗ, ತಿನ್ನುವ ಕಾಳನ್ನೇ ಮನೆಯಲ್ಲಿ ಮೊಳೆಯಿಸಿದರೆ ಬೇಯಿಸುವ ಗೋಜೇ ಇಲ್ಲವಲ್ಲ ಎಂದುಕೊಂಡಳು.

ದಿನಸಿ ಅಂಗಡಿಯಿಂದ ಹೆಸರುಕಾಳು ತಂದು ರಾತ್ರಿ ನೆನೆಹಾಕಿದಳು. ಬೆಳಿಗ್ಗೆ ನೀರು ಬಸಿದು, ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ತಟ್ಟೆಯ ಮೇಲೆ ಓರೆಯಾಗಿ ಬೋರಲಿಟ್ಟಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೊಳೆಯಬೇಕು. ಎರಡು ದಿನಕ್ಕೆ ಬಿಳಿ ಬಾಲ ಬಂತು. ಹಸಿಯಾಗಿ ಒಂದು ಹಿಡಿ ತಿಂದಳು. ಇನ್ನೊಂದು ಹಿಡಿಯನ್ನು ಬಿಸಿನೀರಲ್ಲಿ ಅದ್ದಿ ತೆಗೆದು ಉಪ್ಪು ಉದುರಿಸಿ ತಿಂದಳು. ಆಮೇಲೆ ಗೋಧಿ, ಕಡಲೆ, ಹುರುಳಿ. ಮೆಂತ್ಯ ಲೋಳೆಯಾಗಿ ಕೈಗೆ ಅಂಟಿತು, ಆದರೂ ಅದರ ಸಣ್ಣ ಕಹಿ ಹಿಡಿಸಿತು. ಕಿಟಕಿಯ ಕಟ್ಟೆಯ ಮೇಲೆ ಐದು ಬಾಟಲಿಗಳಾದವು. ಇಲ್ಲಿ ಯಾರೂ ಎಣಿಸಿ ಬರೆಯಬೇಕಿರಲಿಲ್ಲ. ಆದರೂ ಅವಳು ಎಣಿಸುತ್ತಿದ್ದಳು, ಬಾಯಿಬಿಟ್ಟು. ಮನೆಯಲ್ಲಿ ಬೇರೆ ಮಾತಾದರೂ ಏನಿತ್ತು?

ಅಕ್ಕ ಫೋನ್ ಮಾಡಿದಾಗಲೆಲ್ಲ ಬಾ ಎನ್ನುವಳು. ಮೂರನೆಯ ತಿಂಗಳಲ್ಲಿ ತಂಗಿ ಒಂದು ಸಲ ಹೋಗಿಯೂ ಬಂದಳು. ಭಾವ ಒಳ್ಳೆಯವನು. ಅವಳಿಗೆಂದೇ ಹೊಸ ಟವೆಲ್ ತಂದಿದ್ದ. ಅಕ್ಕ ಚಹಾವನ್ನು ಕಪ್ಪಿನಲ್ಲಿ, ಕೆಳಗೆ ಬಸಿಯಿಟ್ಟು ತಂದು ಕೈಗಿತ್ತಳು. ಇಪ್ಪತ್ತೆರಡು ವರ್ಷ ಒಂದೇ ಲೋಟದ ಚಹಾವನ್ನು ಹಂಚಿಕೊಂಡು ಕುಡಿದವರು! ಆ ಬಸಿಯನ್ನು ನೋಡಿ ತಂಗಿಗೆ ತಾನು ನೆಂಟಳೆಂಬುದು ತಿಳಿಯಿತು. ಅಲ್ಲಿಂದ ಮುಂದೆ ಅಕ್ಕ ಕರೆದಾಗಲೆಲ್ಲ ಒಂದೇ ಉತ್ತರ: ಕಾಳು ತೊಳೆಯಬೇಕು, ಬರಲಾಗದು.

"ನಾನೇನು ನಿನ್ನ ಕಾಳಿಗಿಂತ ಕಡೆಯಾದೆನಾ?" ಎಂದು ಅಕ್ಕ ಒಂದು ದಿನ ಕೇಳಿದಳು. ತಂಗಿ ನಕ್ಕು ಮಾತು ತೇಲಿಸಿದಳು. ಆಮೇಲೆ ಫೋನುಗಳು ವಾರಕ್ಕೆ ಒಂದಾದವು, ಹದಿನೈದು ದಿನಕ್ಕೆ ಒಂದಾದವು.

ಚಳಿಯ ದಿನಗಳಲ್ಲಿ ಅವಳಿಗೆ ಜ್ವರ ಬಂತು. ಕೇಂದ್ರಕ್ಕೆ ರಜೆ ಹೇಳಿ ಮಲಗಿದವಳಿಗೆ ಏಳಲಾಗಲಿಲ್ಲ. ಅಕ್ಕನಿಗೆ ಹೇಳೋಣವೆಂದು ಎರಡು ಸಲ ಫೋನ್ ಕೈಗೆ ತೆಗೆದುಕೊಂಡು, ಎರಡು ಸಲವೂ ಕೆಳಗಿಟ್ಟಳು. ನಾಲ್ಕನೆಯ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಗೋಡೆ ಹಿಡಿದುಕೊಂಡು ಹೋಗಿ ತೆಗೆದಳು. ಕೆಳಗಿನ ಮನೆಯ ಮುದುಕ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಕಟ್ಟಡದವರ ಬಾಯಲ್ಲಿ ರೈಟ್‌ರೈಟ್ ಮಾಮ. ಮೆಟ್ಟಿಲಲ್ಲಿ ತಲೆ ಆಡಿಸಿದ್ದು ಬಿಟ್ಟರೆ ಅವನೊಡನೆ ಅವಳು ಮಾತಾಡಿದವಳಲ್ಲ.

"ತಪ್ಪು ತಿಳೀಬೇಡಿ," ಎಂದ. "ನಿಮ್ಮ ಸಿಂಕಿನ ಪೈಪು ನನ್ನ ಅಡುಗೆಮನೆ ಗೋಡೆ ಒಳಗೇ ಇಳಿಯೋದು. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಏಳಕ್ಕೆ ಒಂದು ಸಲ ತುಂಬಾ ಹೊತ್ತು ನೀರು ಬಿಡ್ತೀರಿ. ನಾನು ಅದನ್ನ ಕೇಳಿಯೇ ಗಡಿಯಾರ ಸರಿ ಮಾಡ್ಕೊಳ್ಳೋದು. ಮೂರು ದಿನದಿಂದ ಕೇಳಿಸಲಿಲ್ಲ."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಒಳಗಿನಿಂದ ಕೊಳೆತ ಕಾಳಿನ ನಾತ ಬರುತ್ತಿತ್ತು. ಅವನು ಮೂಗು ಮುಚ್ಚಲಿಲ್ಲ. ಡಾಕ್ಟರನ್ನು ಕರೆತಂದ, ಮಾತ್ರೆ ತಂದ. ಯಾರಿಗೆ ತಿಳಿಸಬೇಕೆಂದು ಕೇಳಿದಾಗ ಅವಳು ಯಾರೂ ಬೇಡವೆಂದಳು. ಅವನು ಅವಳ ಫೋನನ್ನೇ ಅವಳ ಮುಂದೆ ಹಿಡಿದು ನಿಂತ, ಟಿಕೆಟ್ ಕೊಳ್ಳದವರ ಮುಂದೆ ಅದೆಷ್ಟು ವರ್ಷ ನಿಂತವನೋ. ಕಡೆಗೆ ಅವಳೇ ಅಕ್ಕನ ನಂಬರ್ ಒತ್ತಿದಳು.

ಅಕ್ಕ ಆ ಸಂಜೆಯೇ ಬಂದಳು, ಒಬ್ಬಳೇ. ಬಂದವಳೇ ಬಾಟಲಿಗಳನ್ನು ಖಾಲಿ ಮಾಡಿ, ಸೋಪು ಹಾಕಿ ತಿಕ್ಕಿ, ಬಿಸಿನೀರಲ್ಲಿ ಜಾಲಾಡಿಸಿದಳು. ಗಂಜಿ ಕಾಯಿಸಿ ಕುಡಿಸಿದಳು. ಆಮೇಲೆ ಹಾಸಿಗೆಯ ತುದಿಯಲ್ಲಿ ಕುಳಿತು, ನಾನು ಹೊರಟ ದಿನ ನೀನು ಒಂದೇ ಒಂದು ಸಲ ಹೋಗಬೇಡ ಅನ್ನಲಿಲ್ಲವಲ್ಲ ಎಂದಳು. ದಾರಿಯುದ್ದಕ್ಕೂ ಅದನ್ನೇ ನೆನೆದುಕೊಂಡು ಹೋಗಿದ್ದಳಂತೆ. ಭಾರ ಇಳಿದವರ ಹಾಗೆ ನೀನು ಕೈ ಬೀಸಿದೆ ಎಂದಳು.

"ಅಂದಿದ್ರೆ ಇರ್ತಿದ್ದೆಯಾ?" ಎಂದು ತಂಗಿ ಕೇಳಿದಳು.

ಅಕ್ಕ ಅವಳ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದಳು. "ಇರ್ತಿದ್ದೆ."

"ಅದಕ್ಕೇ ಅನ್ನಲಿಲ್ಲ."

ಅಂದು ಇಬ್ಬರೂ ಅತ್ತರು. ಜ್ವರದ ಕಣ್ಣಿಗೆ ಅಳು ಉರಿಯುತ್ತಿತ್ತು.

ಅಕ್ಕ ಮೂರು ದಿನ ಇದ್ದಳು. ನಾಲ್ಕನೆಯ ದಿನ ಭಾವ ಫೋನ್ ಮಾಡಿದ. ಅವಳು ಹೋಗಲೇಬೇಕಿತ್ತು, ಮನೆ ಅಲ್ಲಿತ್ತು. ಈ ಸಲ ತಂಗಿ ಬಸ್ಸಿನ ಕಿಟಕಿಯ ಬಳಿ ನಿಂತು ಹೋಗಬೇಡ ಅಕ್ಕ ಎಂದಳು. ಅಕ್ಕ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಸ್ ಹೊರಡುವವರೆಗೂ ಬಿಡಲಿಲ್ಲ. ಬಸ್ ಹೋಯಿತು.

ಮನೆ ಮೊದಲಿನಷ್ಟೇ ಖಾಲಿಯಾಗಿತ್ತು. ಮೈ ಚೇತರಿಸಿಕೊಂಡ ಮೇಲೆ ಒಂದು ಬಾಟಲಿಗೆ ಮತ್ತೆ ಹೆಸರುಕಾಳು ಹಾಕಿದಳು. ಮುಂದಿನ ತಿಂಗಳು ಅವಳು ಅಕ್ಕನ ಊರಿಗೆ ನಾಲ್ಕು ದಿನ ಹೊರಟಳು. ಗಾಬರಿಯಾಗಬಾರದೆಂದು ರೈಟ್‌ರೈಟ್ ಮಾಮನಿಗೆ ಹೇಳಲು ಇಳಿದಾಗ, ಬಾಟಲಿ ಕೊಟ್ಟು ಹೋಗಿ, ನಾನು ತೊಳೆಯುತ್ತೇನೆ ಎಂದ. ಅಕ್ಕನ ಮನೆಯಲ್ಲಿ ಮತ್ತೆ ಅದೇ ಕಪ್ಪು, ಅದೇ ಬಸಿ. ತಂಗಿ ಅರ್ಧ ಚಹಾವನ್ನು ಬಸಿಗೆ ಬಗ್ಗಿಸಿ ಅಕ್ಕನ ಮುಂದೆ ತಳ್ಳಿದಳು. ಅಕ್ಕ ಕುಡಿದಳು. ಅಷ್ಟಾದರೂ ರಾತ್ರಿ ಹೊಸ ಜಾಗದಲ್ಲಿ ನಿದ್ದೆ ಬರಲಿಲ್ಲ.

ಹಿಂದಿರುಗಿದ ದಿನ ಮಾಮ ಬಾಟಲಿ ಹಿಡಿದು ಮೇಲೆ ಬಂದ. ಹೆಸರುಕಾಳು ಬಟ್ಟೆಯನ್ನು ದೂಡುವಷ್ಟು ಬೆಳೆದು, ತುದಿಯಲ್ಲಿ ಎಲೆ ಬಿಟ್ಟಿತ್ತು.

"ತಿನ್ನಬೇಕಿತ್ತೇನೋ," ಎಂದ. "ಯಾವಾಗ ಅಂತ ಗೊತ್ತಾಗಲಿಲ್ಲ. ಕೇಳೋಕೆ ನೀವಿರಲಿಲ್ಲ."

ಅವಳು ಬಾಗಿಲು ಪೂರ್ತಿ ತೆರೆದು, ಒಳಗೆ ಬನ್ನಿ ಎಂದಳು. ಅವನು ಚಪ್ಪಲಿ ಬಿಡುತ್ತಿರುವಾಗ ಅವಳು ಎರಡು ತಟ್ಟೆ ತೆಗೆದಿಟ್ಟು, ನೀರು ಬಿಸಿಗಿಟ್ಟಳು.